ಮಗು ರಾತ್ರಿ ಪದೇ ಪದೇ ಏಳುವುದಕ್ಕೆ ಆಹಾರವೇ ಕಾರಣವೇ?

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ವರ್ಷ. ರಾತ್ರಿ ಒಂಬತ್ತೂವರೆಗೆ ಮಲಗಿಸಿದರೆ ಹನ್ನೊಂದಕ್ಕೆ ಒಮ್ಮೆ, ಒಂದಕ್ಕೆ ಒಮ್ಮೆ, ಆಮೇಲೆ ಬೆಳಗಾಗುವವರೆಗೂ ಗಂಟೆಗೊಮ್ಮೆ ಎದ್ದು ಅಳುತ್ತಾನೆ. ಬಾಟಲಿಯಲ್ಲಿ ಹಸುವಿನ ಹಾಲು ಕೊಟ್ಟರೆ ಕುಡಿಯುತ್ತಲೇ ನಿದ್ದೆ ಹೋಗುತ್ತಾನೆ. ಹೀಗೆ ರಾತ್ರಿಯೊಂದರಲ್ಲೇ ಇನ್ನೂರು ಮಿಲಿಲೀಟರಿನ ಮೂರು ಬಾಟಲಿ ಖಾಲಿಯಾಗುತ್ತದೆ. ಹಗಲು ಅನ್ನ ಬಾಯಿಗಿಟ್ಟರೆ ಉಗುಳುತ್ತಾನೆ. ಹಾಲು ಒಗ್ಗುತ್ತಿಲ್ಲ, ಅದಕ್ಕೇ ಹೊಟ್ಟೆನೋವು ಬಂದು ಏಳುತ್ತಾನೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಒಂದು ಪ್ರಯೋಗಾಲಯದಲ್ಲಿ 'ಫುಡ್ ಇಂಟಾಲರೆನ್ಸ್' ರಕ್ತಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಹಾಲು, ಗೋಧಿ, ಮೊಟ್ಟೆ, ತೊಗರಿಬೇಳೆ, ಬಾಳೆಹಣ್ಣು ಕೆಂಪು ಬಣ್ಣದಲ್ಲಿ ಬಂದಿವೆ. ಇವನ್ನೆಲ್ಲ ನಿಲ್ಲಿಸಬೇಕೇ? ನಿಲ್ಲಿಸಿದರೆ ಮಗು ತಿನ್ನುವುದಾದರೂ ಏನನ್ನು?
— ಓದುಗರು, ತುಮಕೂರು

ಉತ್ತರ: ಆ ವರದಿಯೊಂದನ್ನೇ ನಂಬಿ ಯಾವ ಆಹಾರವನ್ನೂ ನಿಲ್ಲಿಸಬೇಡಿ. ಈ ಬಗೆಯ ಪರೀಕ್ಷೆಗಳು ಸಾಮಾನ್ಯವಾಗಿ ಅಳೆಯುವುದು ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯವನ್ನು. ದಿನವೂ ತಿನ್ನುವ ಪದಾರ್ಥಗಳಿಗೆ ಆರೋಗ್ಯವಂತ ದೇಹವೂ ಈ ಪ್ರತಿಕಾಯವನ್ನು ತಯಾರಿಸುತ್ತದೆಯಾದ್ದರಿಂದ, ನಿಮ್ಮ ಮನೆಯಲ್ಲಿ ಹೆಚ್ಚಾಗಿ ಬಳಸುವ ಹಾಲು, ಗೋಧಿ, ತೊಗರಿಬೇಳೆಗಳೇ ಕೆಂಪು ಪಟ್ಟಿಯಲ್ಲಿ ಸೇರಿರುವುದರಲ್ಲಿ ಆಶ್ಚರ್ಯವಿಲ್ಲ. ಮಗು ಇವುಗಳನ್ನು ತಿಂದಿದೆ ಎಂಬುದನ್ನು ವರದಿ ಹೇಳುತ್ತದೆ. ಇವು ಒಗ್ಗುತ್ತಿಲ್ಲ ಎಂಬುದನ್ನು ಹೇಳುವುದಿಲ್ಲ. ಆಹಾರ ಒಗ್ಗದಿರುವುದನ್ನು ಪತ್ತೆಹಚ್ಚಲು ಈ ಪರೀಕ್ಷೆಯನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೂ ಕೆನಡಾದ ಅಲರ್ಜಿ ತಜ್ಞರ ಸಂಘ 2012ರಲ್ಲಿಯೂ ಸ್ಪಷ್ಟವಾಗಿ ತಿಳಿಸಿವೆ. ಹೀಗಿದ್ದೂ ಇಂಥ ವರದಿ ಹಿಡಿದು ಬರುವ ತಂದೆತಾಯಿಯರು ಇದ್ದಾರೆ, ಅವರ ಮಕ್ಕಳ ತಟ್ಟೆಯಿಂದ ಬೇಳೆಯೂ ಮೊಟ್ಟೆಯೂ ಮಾಯವಾಗಿರುತ್ತವೆ ಎಂಬುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಹಾಗೆಂದು ನಿಮ್ಮ ಅತ್ತೆಯವರ ಅನುಮಾನ ಆಧಾರವಿಲ್ಲದ್ದೇನೂ ಅಲ್ಲ. ಆಹಾರದಿಂದಾಗಿ ರಾತ್ರಿ ನಿದ್ದೆ ಕೆಡುವ ಮಕ್ಕಳಿದ್ದಾರೆ. ಆದರೆ 'ಹಾಲು ಒಗ್ಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ತೊಂದರೆಗಳನ್ನು ಸೇರಿಸಿಬಿಡುತ್ತೇವೆ. ಮೊದಲನೆಯದು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದಿರುವುದು. ನಮ್ಮ ಭಾಗದಲ್ಲಿ ದೊಡ್ಡವರಾದ ಮೇಲೆ ಅನೇಕರಿಗೆ ಈ ಶಕ್ತಿ ಕುಗ್ಗುತ್ತದೆ, ನಿಜ. ಒಂದೂವರೆ ವರ್ಷದ ಮಗುವಿನಲ್ಲಿ ಅದು ಹುಟ್ಟಿನಿಂದಲೇ ಇರುವುದು ಬಹಳ ಅಪರೂಪ. ಜೋರಾಗಿ ವಾಂತಿಭೇದಿಯಾದ ಮೇಲೆ ಕರುಳಿನ ಒಳಪದರ ಚೇತರಿಸಿಕೊಳ್ಳುವವರೆಗೆ ಕೆಲವು ವಾರಗಳ ಕಾಲ ಲ್ಯಾಕ್ಟೋಸ್ ಜೀರ್ಣವಾಗದೇ ಇರಬಹುದು. ಅಂಥ ಮಗುವಿಗೆ ಹಾಲು ಕುಡಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸುತ್ತದೆ, ಹುಳಿ ವಾಸನೆಯ ನೀರು ನೀರಾದ ಭೇದಿಯಾಗುತ್ತದೆ, ಗುದದ್ವಾರದ ಸುತ್ತ ಚರ್ಮ ಕೆಂಪಾಗಿ ಸುಡುತ್ತದೆ. ನಿಮ್ಮ ಪತ್ರದಲ್ಲಿ ಇದಾವುದರ ಪ್ರಸ್ತಾಪವೂ ಇಲ್ಲ. ಅಲ್ಲದೆ, ಹೊಟ್ಟೆಗೆ ಹಿಂಸೆ ಕೊಡುವ ಹಾಲನ್ನೇ ಕುಡಿದು ಮಗು ಪ್ರತಿ ಸಲವೂ ಸಮಾಧಾನದಿಂದ ಮಲಗಿಬಿಡುವುದು ಕಷ್ಟ.

ಎರಡನೆಯದು ಹಾಲಿನ ಪ್ರೋಟೀನಿಗೆ ಅಲರ್ಜಿ. ನಿದ್ದೆಗೂ ಆಹಾರಕ್ಕೂ ಇರುವ ನಂಟಿಗೆ ಸಿಕ್ಕಿರುವ ಒಳ್ಳೆಯ ಪುರಾವೆ ಇದರ ಕುರಿತಾದದ್ದೇ. ಬ್ರಸೆಲ್ಸ್‌ನ ಮಕ್ಕಳ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಾತ್ರಿಯಿಡೀ ಎದ್ದು ಅಳುತ್ತಿದ್ದ ಐದು ವರ್ಷದೊಳಗಿನ 146 ಮಕ್ಕಳನ್ನು ಪರಿಶೀಲಿಸಲಾಯಿತು. ಅವರಲ್ಲಿ ಹೆಚ್ಚಿನ ಮಕ್ಕಳ ತೊಂದರೆಗೆ ಬೇರೆ ಕಾರಣಗಳು ಸಿಕ್ಕವು. ಕಾರಣ ಸಿಗದೆ ಉಳಿದ 17 ಮಕ್ಕಳಿಗೆ ಕೆಲವು ವಾರ ಹಸುವಿನ ಹಾಲನ್ನೂ ಅದರ ಪದಾರ್ಥಗಳನ್ನೂ ಪೂರ್ತಿ ನಿಲ್ಲಿಸಿದಾಗ 15 ಮಕ್ಕಳ ನಿದ್ದೆ ಸರಿಹೋಯಿತು. ಮಗುವಿಗೆ ಕೊಡುತ್ತಿರುವುದು ಹಾಲೋ ಅಲ್ಲವೋ ಎಂಬುದು ತಂದೆತಾಯಿಗಾಗಲಿ ವೈದ್ಯರಿಗಾಗಲಿ ತಿಳಿಯದ ಹಾಗೆ ಮತ್ತೆ ಕೊಟ್ಟು ನೋಡಿದಾಗ ನಿದ್ದೆ ಮತ್ತೆ ಕೆಟ್ಟಿತು. ಈ ಅಧ್ಯಯನವನ್ನು ಓದುವಾಗ ಎರಡು ಅಂಶಗಳನ್ನೂ ಒಟ್ಟಿಗೆ ಗಮನಿಸಬೇಕು. ಹಾಲು ನಿಜವಾಗಿಯೂ ಕೆಲವು ಮಕ್ಕಳ ನಿದ್ದೆ ಕೆಡಿಸುತ್ತದೆ. ಆದರೆ ಆಸ್ಪತ್ರೆಗೆ ಕರೆತರುವಷ್ಟು ತೊಂದರೆಯಿದ್ದ ಮಕ್ಕಳಲ್ಲಿಯೂ ಅಂಥವರು ಹತ್ತಕ್ಕೆ ಒಬ್ಬರಷ್ಟೇ. ವೈದ್ಯರು ಹಾಲಿಗೆ ಕೈಹಾಕಿದ್ದು ಉಳಿದ ಕಾರಣಗಳನ್ನೆಲ್ಲ ನೋಡಿಯಾದ ಮೇಲೆ.

ಅಲರ್ಜಿಯಿರುವ ಮಗುವಿನಲ್ಲಿ ಸಾಮಾನ್ಯವಾಗಿ ಹಗಲಲ್ಲೂ ಗುರುತುಗಳು ಕಾಣಿಸುತ್ತವೆ: ವಾಸಿಯಾಗದ ಇಸುಬು, ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ಮತ್ತೆ ಮತ್ತೆ ವಾಂತಿ, ಬಿಡದ ಭೇದಿ ಅಥವಾ ಮಲಬದ್ಧತೆ, ಏರದ ತೂಕ. ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಮೇಲಕ್ಕೇ ಹೋಗುತ್ತಿದ್ದು, ಚರ್ಮವೂ ಮಲವೂ ಸರಿಯಾಗಿದ್ದರೆ, ಬರಿಯ ರಾತ್ರಿಯ ಅಳುವನ್ನು ನೋಡಿ ಹಾಲನ್ನು ದೂರುವುದಕ್ಕೆ ನಾನು ಒಪ್ಪುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಆ ಮೂರು ಬಾಟಲಿಗಳು. ಈ ವಯಸ್ಸಿನಲ್ಲಿ ನಿದ್ದೆ ಸುಮಾರು ಒಂದೊಂದು ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ, ಪ್ರತಿ ಸುತ್ತಿನ ಕೊನೆಯಲ್ಲಿ ಎಲ್ಲ ಮಕ್ಕಳೂ ಅರೆ ಎಚ್ಚರವಾಗುತ್ತಾರೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆಗೆ ಜಾರುವ ಅಭ್ಯಾಸವಾದ ಮಗು, ಹಾಗೆ ಎಚ್ಚರವಾದಾಗಲೆಲ್ಲ ಅದೇ ಬಾಟಲಿಗಾಗಿ ಅಳುತ್ತದೆ. ಅದು ಹಟವೂ ಅಲ್ಲ, ಹೊಟ್ಟೆನೋವೂ ಅಲ್ಲ. ನಿದ್ದೆಗೆ ಮರಳುವ ಬೇರೆ ದಾರಿ ಅದಕ್ಕೆ ಇನ್ನೂ ಗೊತ್ತಿಲ್ಲ. ಜೊತೆಗೆ, ಈ ವಯಸ್ಸಿನ ಮಗುವಿಗೆ ದಿನವಿಡೀ ಸೇರಿ ಸುಮಾರು ನಾನೂರು ಮಿಲಿಲೀಟರ್, ಹೆಚ್ಚೆಂದರೆ ಐನೂರು ಮಿಲಿಲೀಟರ್ ಹಾಲು ಸಾಕು. ನಿಮ್ಮ ಮಗ ರಾತ್ರಿಯಲ್ಲೇ ಆರುನೂರು ಕುಡಿಯುತ್ತಿದ್ದಾನೆ. ಹೊಟ್ಟೆ ತುಂಬಿದ ಮಗು ಹಗಲು ಅನ್ನವನ್ನು ಉಗುಳುವುದು ಸಹಜ. ಹಗಲು ಉಣ್ಣದ ಮಗು ರಾತ್ರಿ ಹಾಲು ಕೇಳುವುದೂ ಸಹಜ.

ಇದರಿಂದಾಗುವ ದೊಡ್ಡ ನಷ್ಟ ಕಬ್ಬಿಣಾಂಶದ್ದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದಲ್ಲಿ ಶೇ. 67ರಷ್ಟು, ಕರ್ನಾಟಕದಲ್ಲಿ ಸುಮಾರು ಶೇ. 65ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶ ಕಡಿಮೆಯಾದ ಮಕ್ಕಳು ನಿದ್ದೆಯಲ್ಲಿ ಕಾಲು ಒದರುತ್ತಾರೆ, ಹಾಸಿಗೆಯ ತುಂಬ ಹೊರಳಾಡುತ್ತಾರೆ, ಚಿಕ್ಕ ಸದ್ದಿಗೂ ಏಳುತ್ತಾರೆ. ನೀವು ಆ ದುಬಾರಿ ಪರೀಕ್ಷೆಗೆ ಕೊಟ್ಟ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ನೋಡಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು; ಈಗಲಾದರೂ ಮಕ್ಕಳ ವೈದ್ಯರನ್ನು ಕೇಳಿ ಮಾಡಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರ್ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರವೇ ಉಚಿತವಾಗಿ ನೀಡುತ್ತದೆ. ರಕ್ತಹೀನತೆ ಇದೆಯೆಂದು ಗೊತ್ತಾದರೆ ಮಾತ್ರ ಆ ಪ್ರಮಾಣ ಸಾಲುವುದಿಲ್ಲ, ವೈದ್ಯರು ತೂಕ ನೋಡಿ ಬೇರೆ ಪ್ರಮಾಣ ಹೇಳಬೇಕು.

ಜಂತುಹುಳುವಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಾರದ ತುಂಡಿನಂಥ ಸಣ್ಣ ಬಿಳಿ ಹುಳುಗಳು ಮಗು ಮಲಗಿದ ಮೇಲೆ ಗುದದ್ವಾರದ ಹೊರಗೆ ಬಂದು ಮೊಟ್ಟೆಯಿಡುತ್ತವೆ, ಆಗ ತಡೆಯಲಾರದ ತುರಿಕೆಯಾಗುತ್ತದೆ. ಮಗು ಮಲಗಿ ಎರಡು ಮೂರು ಗಂಟೆಯ ನಂತರ ಟಾರ್ಚ್ ಹಿಡಿದು ನೋಡಿದರೆ ಅವು ಕಣ್ಣಿಗೇ ಬೀಳಬಹುದು. ಇದಕ್ಕೆ ಔಷಧ ಸುಲಭ, ಆದರೆ ಮನೆಯವರೆಲ್ಲರೂ ಒಟ್ಟಿಗೆ ತೆಗೆದುಕೊಳ್ಳಬೇಕು.

ಇನ್ನು ನೀವು ಮಾಡಬಹುದಾದದ್ದು. ಮಲಗುವ ಅರ್ಧ ಗಂಟೆ ಮೊದಲೇ, ದೀಪ ಉರಿಯುತ್ತಿರುವಾಗ, ಲೋಟದಲ್ಲಿ ಹಾಲು ಕೊಟ್ಟು ಹಲ್ಲು ಉಜ್ಜಿಸಿ. ರಾತ್ರಿಯ ಬಾಟಲಿಗಳನ್ನು ಒಮ್ಮೆಗೇ ನಿಲ್ಲಿಸಬೇಡಿ. ಎರಡು ಮೂರು ರಾತ್ರಿಗೊಮ್ಮೆ ಪ್ರತಿ ಬಾಟಲಿಯಲ್ಲಿ ಮೂವತ್ತು ಮಿಲಿಲೀಟರಿನಷ್ಟು ಕಡಿಮೆ ಮಾಡುತ್ತ ಬನ್ನಿ, ಎದ್ದಾಗ ಬೆನ್ನು ತಟ್ಟಿ, ಅದೇ ಜೋಗುಳ ಹೇಳಿ. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಅಳಲು ಬಿಡಬೇಕೆಂದು ನಾನು ಹೇಳುತ್ತಿಲ್ಲ. ತಾಯಿಯ ಪಕ್ಕದಲ್ಲಿ ಮಲಗಿಯೂ ಬಾಟಲಿಯಿಲ್ಲದೆ ನಿದ್ದೆ ಮಾಡುವುದನ್ನು ಮಕ್ಕಳು ಕಲಿಯುತ್ತಾರೆ. ಮೊದಲ ಕೆಲವು ರಾತ್ರಿ ಅಳು ಹೆಚ್ಚಾಗುತ್ತದೆ. ಅಷ್ಟರಲ್ಲಿ ಮನೆಯಲ್ಲೊಬ್ಬರು ಮರುಗಿ ಬಾಟಲಿ ತುಂಬಿಸಿಬಿಟ್ಟರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ; ಆದ್ದರಿಂದ ಅತ್ತೆಯವರನ್ನೂ ಮಗುವಿನ ತಂದೆಯನ್ನೂ ಮೊದಲೇ ಒಪ್ಪಿಸಿಕೊಳ್ಳಿ. ಹಗಲು ಹಸಿವಾಗತೊಡಗಿದ ಮೇಲೆ ಹೆಸರುಬೇಳೆ ತೊವ್ವೆ, ಸೊಪ್ಪು ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ, ಇವುಗಳಿಗೆ ನಾಲ್ಕು ಹನಿ ನಿಂಬೆರಸ ಸೇರಿಸಿ ಕೊಡಿ. ನಿಂಬೆರಸದಿಂದ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ.

ಮೇಲೆ ಹೇಳಿದ ಗುರುತುಗಳು ನಿಮ್ಮ ಮಗನಲ್ಲಿ ಇದ್ದು, ಹಾಲು ನಿಲ್ಲಿಸಿ ನೋಡೋಣ ಎಂದು ವೈದ್ಯರೇ ಹೇಳಿದರೆ, ಅದನ್ನು ಅರೆಬರೆಯಾಗಿ ಮಾಡಬೇಡಿ. ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಹಾಲಿನ ಪುಡಿ ಬೆರೆತ ಬಿಸ್ಕತ್ತು ಯಾವುದೂ ಇರಬಾರದು. ಮೇಕೆಯ ಹಾಲು, ಎಮ್ಮೆಯ ಹಾಲು ಬದಲಿಯಾಗುವುದಿಲ್ಲ, ಅವುಗಳ ಪ್ರೋಟೀನು ಹೆಚ್ಚುಕಡಿಮೆ ಒಂದೇ ಬಗೆಯದು. ದಿನಕ್ಕೆ ಬೇಕಾದ 500 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಬೇರೆಡೆಯಿಂದ ಒದಗಿಸಬೇಕು: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಆದರೆ ಮಗು ದಿನಕ್ಕೆ ಅಷ್ಟು ರಾಗಿ ತಿನ್ನುವುದಿಲ್ಲವಾದ್ದರಿಂದ ವೈದ್ಯರು ಕ್ಯಾಲ್ಸಿಯಂ ಸಿರಪ್ಪನ್ನೂ ಸೂಚಿಸಬಹುದು. ಮುಖ್ಯವಾದದ್ದು ಆಮೇಲಿನ ಹೆಜ್ಜೆ. ನಿದ್ದೆ ಸುಧಾರಿಸಿದರೂ ವೈದ್ಯರ ಸಲಹೆಯಂತೆ ಹಾಲನ್ನು ಮತ್ತೆ ಕೊಟ್ಟು ನೋಡಲೇಬೇಕು. ಈ ವಯಸ್ಸಿನಲ್ಲಿ ನಿದ್ದೆ ತಿಂಗಳಿಂದ ತಿಂಗಳಿಗೆ ತಾನಾಗಿಯೇ ಬದಲಾಗುತ್ತದೆ, ಹಲ್ಲು ಬರುವುದು, ಶೀತ ಹೋಗುವುದು ಎಲ್ಲವೂ ನಡುವೆ ಸೇರಿಕೊಳ್ಳುತ್ತವೆ. ಹಾಲು ಮರಳಿದಾಗ ತೊಂದರೆಯೂ ಮರಳಿದರೆ ಮಾತ್ರ ಅದು ಹಾಲಿನದು ಎನ್ನಬಹುದು. ಹಾಗೆ ಖಚಿತವಾದರೂ ಬಹುಪಾಲು ಮಕ್ಕಳಿಗೆ ಮೂರರಿಂದ ಐದು ವರ್ಷವಾಗುವಷ್ಟರಲ್ಲಿ ಹಾಲು ಒಗ್ಗತೊಡಗುತ್ತದೆ.

ಪ್ರಶ್ನೆ: ಎರಡು ವರ್ಷದ ಮಗಳಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಇಸುಬು ಇದೆ. ರಾತ್ರಿಯೆಲ್ಲ ಕೆರೆದುಕೊಂಡು ಏಳುತ್ತಾಳೆ, ಬೆಳಗ್ಗೆ ಹಾಸಿಗೆಯ ಮೇಲೆ ರಕ್ತದ ಕಲೆಗಳಿರುತ್ತವೆ. ಮೊನ್ನೆ ಮೊಟ್ಟೆ ತಿಂದ ಸ್ವಲ್ಪ ಹೊತ್ತಿಗೇ ಬಾಯಿಯ ಸುತ್ತ ಗಂಧೆಗಳೆದ್ದವು. ಬದನೆಕಾಯಿ, ಕಡಲೆಬೇಳೆ, ಹುಳಿ ಎಲ್ಲ ನಂಜೆಂದು ಬಿಡಿಸಿದ್ದೇವೆ, ಆದರೂ ಕಡಿಮೆಯಾಗಿಲ್ಲ.
— ಓದುಗರು, ಹಾಸನ

ಉತ್ತರ: ನಿಮ್ಮ ಮಗಳ ವಿಷಯದಲ್ಲಿ ಆಹಾರದ ಪಾತ್ರವಿರುವ ಸಾಧ್ಯತೆ ಹೆಚ್ಚು, ಆದರೆ ಅವಳನ್ನು ರಾತ್ರಿ ಎಬ್ಬಿಸುತ್ತಿರುವುದು ಚರ್ಮದ ತುರಿಕೆ. ಆದ್ದರಿಂದ ಮೊದಲ ಚಿಕಿತ್ಸೆ ಚರ್ಮಕ್ಕೆ ಆಗಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ, ಸೀಗೆಪುಡಿ ಕಡಲೆಹಿಟ್ಟಿನ ಉಜ್ಜುವಿಕೆ ಬೇಡ. ಮೈ ಒರೆಸಿದ ಕೂಡಲೇ, ಇನ್ನೂ ಪಸೆಯಿರುವಾಗಲೇ, ವಾಸನೆಯಿಲ್ಲದ ಮಾಯಿಶ್ಚರೈಸರನ್ನು ಧಾರಾಳವಾಗಿ ಹಚ್ಚಿ. ಕೆಂಪಾದ ಜಾಗಕ್ಕೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮಿನ ಹೆಸರು ಕೇಳಿಯೇ ಹೆದರಿ ಬಿಟ್ಟುಬಿಡುವವರು ಬಹಳ. ಅವರು ಹೇಳಿದ ಬಲದ್ದನ್ನು, ಹೇಳಿದಷ್ಟು ದಿನ ಹಚ್ಚಿದರೆ ಅದು ಸುರಕ್ಷಿತ. ಅಂಗಡಿಯಲ್ಲಿ ನೀವೇ ಕೇಳಿ ಕೊಂಡು ತಿಂಗಳುಗಟ್ಟಲೆ ಹಚ್ಚುವುದು ಅಪಾಯ. ಚರ್ಮ ಹತೋಟಿಗೆ ಬಂದರೆ ನಿದ್ದೆ ಎಷ್ಟು ಬೇಗ ಸುಧಾರಿಸುತ್ತದೆ ಎಂಬುದನ್ನು ನೀವೇ ನೋಡುವಿರಿ. ಉಗುರು ಕತ್ತರಿಸಿ, ಹತ್ತಿಯ ಬಟ್ಟೆ ಹಾಕಿ, ಕೋಣೆ ತಂಪಾಗಿರಲಿ.

ಮೊಟ್ಟೆಯ ಮಾತು ಬೇರೆ. ತಿಂದು ಎರಡು ಗಂಟೆಯೊಳಗೆ ಗಂಧೆಯೇಳುವುದು ತಕ್ಷಣದ ಅಲರ್ಜಿಯ ಲಕ್ಷಣ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತದಲ್ಲಿ ಐಜಿಇ ಎಂಬ, ಇಂಥ ಅಲರ್ಜಿಗೆ ಕಾರಣವಾಗುವ ಬೇರೊಂದು ಪ್ರತಿಕಾಯದ ಪರೀಕ್ಷೆ ಇಂಥ ಸಂದರ್ಭಕ್ಕಾಗಿಯೇ ಇರುವುದು, ಅದೂ ಅನುಮಾನವಿರುವ ಆಹಾರಕ್ಕೆ ಮಾತ್ರ. ತಜ್ಞರನ್ನು ಕಾಣುವವರೆಗೆ ಮೊಟ್ಟೆಯನ್ನೂ ಮೊಟ್ಟೆ ಬೆರೆತ ಕೇಕನ್ನೂ ಕೊಡಬೇಡಿ, ಮನೆಯಲ್ಲಿ ಮತ್ತೆ ಕೊಟ್ಟು ಪರೀಕ್ಷಿಸಲು ಹೋಗಲೇಬೇಡಿ. ತುಟಿ ನಾಲಗೆ ಊದಿಕೊಂಡರೆ, ಧ್ವನಿ ಕರ್ಕಶವಾದರೆ, ಉಸಿರಿಗೆ ಕಷ್ಟವಾದರೆ, ಮಗು ಜೋಲುಬಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಧಾವಿಸಿ.

ಬದನೆಕಾಯಿ, ಕಡಲೆಬೇಳೆ, ಹುಳಿಗಳನ್ನು ಬಿಡಿಸಿಯೂ ಕಡಿಮೆಯಾಗಿಲ್ಲವೆಂದು ನೀವೇ ಬರೆದಿದ್ದೀರಿ. ಹಾಗಾದರೆ ಅವನ್ನು ಮರಳಿ ಕೊಡಿ. ತಿಂದಾಗ ಏನೂ ಆಗದ ಆಹಾರವನ್ನು ಇಸುಬಿರುವ ಮಗುವಿಗೆ ಬಹುಕಾಲ ನಿಲ್ಲಿಸಿಟ್ಟರೆ, ಮುಂದೆ ಕೊಟ್ಟಾಗ ಅದಕ್ಕೇ ಅಲರ್ಜಿ ಹುಟ್ಟಿರುವುದೂ ಉಂಟು.

ಪ್ರಶ್ನೆ: ಮಗಳು ಅಳಿಯ ಮೆಲ್ಬರ್ನ್‌ನಲ್ಲಿದ್ದಾರೆ. ಎರಡು ವರ್ಷದ ಮೊಮ್ಮಗ ರಾತ್ರಿ ನಾಲ್ಕೈದು ಸಲ ಏಳುತ್ತಾನೆಂದು ಅಲ್ಲಿನ ಗೆಳತಿಯರ ಮಾತು ಕೇಳಿ ಟೊಮೆಟೊ, ದ್ರಾಕ್ಷಿ, ಕಿತ್ತಳೆ, ಖರ್ಜೂರ, ಸಾರಿನ ಪುಡಿ ಎಲ್ಲ ನಿಲ್ಲಿಸಿದ್ದಾಳೆ. ಅವುಗಳಲ್ಲಿ ಸ್ಯಾಲಿಸಿಲೇಟ್ ಇದೆಯಂತೆ. ಮಗು ಈಗ ಬಿಳಿ ಅನ್ನ, ಸಿಪ್ಪೆ ತೆಗೆದ ಪೇರು ಹಣ್ಣಿನ ಮೇಲೆಯೇ ಇದೆ. ವಿಡಿಯೊ ಕರೆಯಲ್ಲಿ ನೋಡಿದರೆ ಇಳಿದುಹೋದ ಹಾಗೆ ಕಾಣುತ್ತದೆ.
— ಅಜ್ಜಿಯೊಬ್ಬರು, ಉಡುಪಿ

ಉತ್ತರ: ಆಸ್ಟ್ರೇಲಿಯಾದಲ್ಲಿ ಈ ವಿಚಾರ ಹೆಚ್ಚು ಪ್ರಚಲಿತವಾಗಿರುವುದಕ್ಕೆ ಕಾರಣವಿದೆ. ಸಿಡ್ನಿಯ ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯ ಅಲರ್ಜಿ ವಿಭಾಗದವರು ಹಣ್ಣು, ತರಕಾರಿ ಮೊದಲಾದ ಆಹಾರಗಳಲ್ಲಿ ಸಹಜವಾಗಿಯೇ ಇರುವ ಸ್ಯಾಲಿಸಿಲೇಟ್ ಎಂಬ ರಾಸಾಯನಿಕದ ಪ್ರಮಾಣವನ್ನು ಅಳೆದು 1985ರಲ್ಲಿ ಪ್ರಕಟಿಸಿದರು. ಸ್ಯಾಲಿಸಿಲೇಟ್, ಅದರಂತೆಯೇ ಆಹಾರದಲ್ಲಿ ಸಹಜವಾಗಿರುವ ಅಮೈನ್, ಗ್ಲುಟಮೇಟ್ ಎಂಬ ರಾಸಾಯನಿಕಗಳು ಮತ್ತು ಕೆಲವು ಕೃತಕ ಬಣ್ಣ, ಸಂರಕ್ಷಕಗಳನ್ನು ಸ್ವಲ್ಪ ಕಾಲ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ಕೊಟ್ಟು ನೋಡುವ ಪದ್ಧತಿ ಅವರದು. ಅದು ಆಹಾರತಜ್ಞರ ಮೇಲ್ವಿಚಾರಣೆಯಲ್ಲಿ ಕೆಲವು ವಾರಗಳ ಮಟ್ಟಿಗೆ ಮಾಡುವ ಪರೀಕ್ಷೆ. ವರ್ಷಗಟ್ಟಲೆ ನಡೆಸುವ ಪಥ್ಯವಲ್ಲ. ಗೆಳತಿಯರ ಗುಂಪುಗಳಲ್ಲಿ ಹರಡುವಾಗ ಬಿಡುವ ಭಾಗ ಉಳಿದುಕೊಂಡು ಮರಳಿ ಕೊಡುವ ಭಾಗ ಕಳೆದುಹೋಗುತ್ತದೆ. ಮಕ್ಕಳ ನಿದ್ದೆಯನ್ನು ಸ್ಯಾಲಿಸಿಲೇಟ್ ಕೆಡಿಸುತ್ತದೆ ಎಂಬುದಕ್ಕೆ ಹಾಲಿನ ವಿಷಯದಲ್ಲಿರುವಂಥ ಬಿಗಿಯಾದ ಪುರಾವೆಯೂ ಇಲ್ಲ.

ನಮ್ಮವರಿಗೆ ಈ ಪಥ್ಯ ಇನ್ನಷ್ಟು ಕಠಿಣ, ಏಕೆಂದರೆ ಜೀರಿಗೆ, ಅರಿಶಿನ, ಮೆಣಸು ಮೊದಲಾದ ಸಾಂಬಾರ ಪದಾರ್ಥಗಳಲ್ಲೆಲ್ಲ ಸ್ಯಾಲಿಸಿಲೇಟ್ ಇದ್ದು, ಅವನ್ನು ತೆಗೆದರೆ ಮನೆಯ ಅಡುಗೆಯೇ ಮಗುವಿಗೆ ಇಲ್ಲವಾಗುತ್ತದೆ. ಮಗಳನ್ನು ಆಕ್ಷೇಪಿಸಬೇಡಿ, ದೂರದೂರಿನಲ್ಲಿ, ಎತ್ತಿಕೊಳ್ಳುವ ಇನ್ನೊಂದು ಕೈಯಿಲ್ಲದೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ತಾಯಿ ಯಾರು ಏನು ಹೇಳಿದರೂ ಮಾಡಿ ನೋಡುತ್ತಾಳೆ. ಅವಳಿಗೆ ಎರಡು ಮಾತು ಕೇಳಿ: ಪಥ್ಯ ಶುರುವಾಗಿ ಒಂದು ತಿಂಗಳಾದರೂ ಏಳುವುದು ಕಡಿಮೆಯಾಗಿದೆಯೇ, ಮಗುವಿನ ತೂಕ ಈಗ ಎಷ್ಟು? ಕಡಿಮೆಯಾಗಿಲ್ಲವೆಂದರೆ ಆ ಪಥ್ಯಕ್ಕೆ ಅರ್ಥವಿಲ್ಲ, ಒಂದೊಂದೇ ಹಣ್ಣನ್ನೂ ತರಕಾರಿಯನ್ನೂ ಮರಳಿ ಕೊಡಲಿ. ಕಡಿಮೆಯಾಗಿದೆಯೆಂದರೂ ತನ್ನ ಕುಟುಂಬ ವೈದ್ಯರ ಮೂಲಕ ಮಕ್ಕಳ ಆಹಾರತಜ್ಞರನ್ನು ಕಂಡು, ಅವರ ಕೈಕೆಳಗೆ ಮರಳಿ ಕೊಡುವ ಹಂತವನ್ನು ಮುಗಿಸಲಿ. ತೂಕ ಇಳಿದಿದ್ದರೆ ಈ ವಾರವೇ ವೈದ್ಯರಲ್ಲಿ ಹೋಗಲಿ.

ಪ್ರಶ್ನೆ: ಮೂರು ವರ್ಷದ ಮಗ ಬಾಯಿ ತೆರೆದು ಮಲಗುತ್ತಾನೆ, ಜೋರು ಗೊರಕೆ, ನಡುನಡುವೆ ಉಸಿರುಗಟ್ಟಿದಂತಾಗಿ ಏಳುತ್ತಾನೆ. ಹಾಲಿನಿಂದ ಕಫವಾಗುತ್ತದೆಂದು ಹಾಲು ಬಿಡಿಸಿ, ಬೆಳಗ್ಗೆ ಸಂಜೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತೇವೆ. ರಾತ್ರಿ ಶೀತದ ಸಿರಪ್ ಕೊಟ್ಟರೆ ಸ್ವಲ್ಪ ಮಲಗುತ್ತಾನೆ.
— ಓದುಗರು, ಕೊಪ್ಪಳ

ಉತ್ತರ: ಹಾಲು ಕಫವನ್ನು ಹೆಚ್ಚಿಸುವುದಿಲ್ಲ. ಚಹಾದಲ್ಲಿರುವ ಕೆಫೀನ್ ನಿದ್ದೆಯನ್ನು ಕದಡುತ್ತದೆ, ಅದರ ಒಗರು ಊಟದ ಕಬ್ಬಿಣಾಂಶ ಹೀರಲ್ಪಡುವುದನ್ನು ತಡೆಯುತ್ತದೆ. ಆದ್ದರಿಂದ ಚಹಾ ನಿಲ್ಲಿಸಿ, ಹಾಲು ಮರಳಿ ಕೊಡಿ. ಶೀತದ ಸಿರಪ್ಪನ್ನು ನಿದ್ದೆಗಾಗಿ ಎಂದೂ ಕೊಡಬಾರದು. ಇಂಥ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ.

ನೀವು ಬರೆದಿರುವ ಲಕ್ಷಣಗಳು ಮೂಗಿನ ಹಿಂಭಾಗದ ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿರುವುದನ್ನು ಸೂಚಿಸುತ್ತವೆ. ಮಗು ಗೊರಕೆ ಹೊಡೆಯುತ್ತ, ಉಸಿರು ನಿಂತಂತಾಗಿ ಬೆಚ್ಚುವುದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಳ್ಳಿ. ಅಂಗಿ ಬಿಚ್ಚಿ, ಎದೆಗೂಡು ಒಳಕ್ಕೆ ಸೆಳೆಯುವುದು ಕಾಣುವಂತಿರಲಿ. ಅದನ್ನು ತೆಗೆದುಕೊಂಡು ತಡಮಾಡದೆ ಕಿವಿ ಮೂಗು ಗಂಟಲಿನ ತಜ್ಞರನ್ನು ಕಾಣಿ, ಮಗು ಹಗಲು ತೂಕಡಿಸುತ್ತದೆಯೇ, ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂಬುದನ್ನೂ ಅವರಿಗೆ ತಿಳಿಸಿ.